ಸುತ್ತಲಿನಿಂದ ಬರುವ ಸದ್ದು

ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 'ಹೋಮ್ ಥಿಯೇಟರ್' ಎಂದು ಬರೆದ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳತೊಡಗಿ ಎರಡು ದಶಕಗಳೇ ಮೀರಿದವು. ಪೆಟ್ಟಿಗೆಯೊಳಗೆ ಐದು ಚಿಕ್ಕ ಸ್ಪೀಕರುಗಳು, ಅವುಗಳ ಹಿರಿಯಣ್ಣನಂತೆ ಒಂದು ದಪ್ಪನೆಯ ಮರದ ಡಬ್ಬಿ. ನಾನು ಕಂಡ ಬಹುಪಾಲು ಮನೆಗಳಲ್ಲಿ ಆ ಐದರ ಗತಿ ಒಂದೇ ತೆರನಾದದ್ದು. ಎರಡು ಟೀವಿಯ ಅಕ್ಕಪಕ್ಕ, ಎರಡು ಷೋಕೇಸಿನ ಮೇಲೆ ಗಣಪತಿಯ ಆಚೆ ಈಚೆ ದ್ವಾರಪಾಲಕರಂತೆ, ಐದನೆಯದು ತಂತಿ ಸಾಲದೆ ಅಟ್ಟದ ಮೇಲೆ. ದುಡ್ಡು ಕೊಟ್ಟು ತಂದದ್ದನ್ನು ಹೀಗೇಕೆ ಇಡುತ್ತಾರೆಂದು ನಗುವುದು ಸುಲಭ. ಐದೇ ಏಕೆ, ಯಾವುದು ಎಲ್ಲಿರಬೇಕು, ಹಿಂದಿನ ಸ್ಪೀಕರಿನಲ್ಲಿ ಯಾರೂ ಮಾತನಾಡುವುದಿಲ್ಲವೇಕೆ ಎಂಬುದನ್ನು ಕೊಂಡವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇವಕ್ಕೆಲ್ಲ ಕಾರಣಗಳಿವೆ. ಆ ಕಾರಣಗಳಿಗೆ ನೂರು ವರ್ಷಗಳಷ್ಟು ಇತಿಹಾಸವಿದೆ. ಅದರ ಕೆಲವು ಪುಟಗಳು ನಮ್ಮ ನಾಡಿನಲ್ಲೇ ಬರೆಯಲ್ಪಟ್ಟಿವೆ.

ಮೊದಲು ಇಲ್ಲಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದೂರದ ಹರಿಹರಕ್ಕೆ ಹೋಗೋಣ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1223-24ರ ಸುಮಾರಿಗೆ ಕಟ್ಟಿಸಿದನು. ಮುಂದೆ ಸೋಮನಾಥಪುರದ ಖ್ಯಾತಿಯ ಸೋಮ ದಂಡನಾಯಕನು 1268ರಲ್ಲಿ ಸೇರಿಸಿದ ಭಾಗವೂ ಇದೆ. ಲೇತಿನಲ್ಲಿ ತಿರುವಿದಂತೆ ನುಣುಪಾದ ಕಂಬಗಳ ಆ ಮಂಟಪವನ್ನು ಶಾಲಾ ಪ್ರವಾಸದಲ್ಲಿ ನೀವೆಲ್ಲ ನೋಡಿದ್ದೀರಿ. (ಅದೇ ಊರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ನಿಜವಾದ ಲೇತುಗಳನ್ನು ತಯಾರಿಸಿದ್ದು ಇತಿಹಾಸದ ಒಂದು ತಮಾಷೆ.) ಮಂಟಪದ ಅಂಚಿಗೆ ಕಲ್ಲಿನ ಜಗಲಿ, ಅದರ ಮೇಲೆ ತೆರೆದ ಬಯಲು. ಒಳಗೆ ಕುಳಿತು ಯಾರಾದರೂ ಪುರಾಣ ಹೇಳಿದರೆ, ಮಾತು ಕೇಳುಗನ ಕಿವಿಯನ್ನು ಮುಟ್ಟಿ ಹಾಗೆಯೇ ತುಂಗಭದ್ರೆಯ ಕಡೆಗೆ ಹೊರಟುಹೋಗುತ್ತದೆ. ಹಿಂದಿರುಗಿ ಬಂದು ಮುಂದಿನ ಮಾತಿನ ಮೇಲೆ ಬೀಳುವುದಿಲ್ಲ. ನಮ್ಮ ಬಯಲಾಟದ ರಂಗಕ್ಕೂ ಇದೇ ಗುಣ. ಜನ ಮೂರು ಕಡೆ ಕುಳಿತು ಭಾಗವತನ ಸುತ್ತ ನೆರೆಯುತ್ತಿದ್ದರು. ಸದ್ದು ನಡುವಿನಲ್ಲಿ, ಕೇಳುಗರು ಸುತ್ತ. ಇಂದಿನ ಹೋಮ್ ಥಿಯೇಟರ್ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿ, ಕೇಳುಗನನ್ನು ನಡುವಿನಲ್ಲಿ ಕೂರಿಸಿ ಸದ್ದನ್ನು ಸುತ್ತ ನಿಲ್ಲಿಸಿದೆ.

ಸದ್ದೇ ಮನುಷ್ಯನನ್ನು ಸುತ್ತುವರಿಯುವ ಅನುಭವ ಬೇಕಿದ್ದವರಿಗೆ ನಮ್ಮಲ್ಲಿ ಬಿಜಾಪುರದ ಗೋಲಗುಮ್ಮಟವಿತ್ತು. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಗೋರಿಯದು. ಒಳಗೆ ಒಂದೊಂದು ಪಕ್ಕವೂ ಸುಮಾರು 135 ಅಡಿಯಿರುವ ಚೌಕ, ಅದರ ಮೇಲೆ ಒಳವ್ಯಾಸ ಸುಮಾರು 124 ಅಡಿಯ ಗುಮ್ಮಟ. ಗುಮ್ಮಟದ ಬುಡದ ಪಡಸಾಲೆಯಲ್ಲಿ ಒಬ್ಬರು ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಇದು ಬರಿಯ ಮಕ್ಕಳಾಟವೆಂದು ಸರ್ ಸಿ.ವಿ. ರಾಮನ್ ಭಾವಿಸಲಿಲ್ಲ. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಪಿಸುಮಾತಿನ ಪಡಸಾಲೆಯನ್ನು ಪರೀಕ್ಷಿಸಿದ ಅವರು, ತರುವಾಯ ಗೋಲಗುಮ್ಮಟವನ್ನೂ ತಮ್ಮ ಅಧ್ಯಯನಕ್ಕೆ ಸೇರಿಸಿಕೊಂಡರು. ಒಳಬಾಗಿದ ಗೋಡೆಗೆ ಅಂಟಿಕೊಂಡಂತೆ ಸದ್ದಿನ ಅಲೆ ಸಾಗುತ್ತದೆ ಎಂಬುದು ಲಾರ್ಡ್ ರ್‍ಯಾಲೆ ಅದಕ್ಕೂ ಹಿಂದೆ ಕೊಟ್ಟಿದ್ದ ವಿವರಣೆ; ರಾಮನ್ ಅದರ ಸೂಕ್ಷ್ಮಗಳನ್ನು ಹುಡುಕಿದರು.

ಆದರೆ ಗೋಲಗುಮ್ಮಟದ ನಡುವೆ ನಿಂತು ಒಂದು ವಾಕ್ಯವನ್ನು ಹೇಳಿನೋಡಿ. ಮಕ್ಕಳನ್ನು ಕರೆದೊಯ್ದ ಮೇಷ್ಟರುಗಳಿಗೆಲ್ಲ ಇದರ ಅನುಭವವಿದೆ. ಎಷ್ಟು ಗಟ್ಟಿಯಾಗಿ ಕೂಗಿದರೆ ಅಷ್ಟೇ ಕಲಸುಮೇಲೋಗರ! ಸದ್ದು ಬೇಕಾದಷ್ಟು ಇರುತ್ತದೆ, ಮಾತು ಮಾತ್ರ ಇರುವುದಿಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ.

ಇನ್ನು ನಮ್ಮ ಊರು. ದಾವಣಗೆರೆ ಹತ್ತಿಯ ಊರು, ಗಿರಣಿಗಳ ಊರು, ಅದರ ಜೊತೆಗೆ ನಾಟಕದ ಊರು. ಚಿಂದೋಡಿ ವೀರಪ್ಪನವರು ಕಟ್ಟಿ, ಅವರ ಮಗಳು ಚಿಂದೋಡಿ ಲೀಲಾ ಬೆಳಗಿದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರನ್ನು ಕೇಳದ ಹಿರಿಯರು ಇಲ್ಲಿಲ್ಲ. ಕಂಪನಿ ನಾಟಕಗಳಲ್ಲಿ ಗುಡುಗು ಬರುತ್ತಿದ್ದುದು ಪರದೆಯ ಹಿಂದೆ ತಗಡು ಅಲ್ಲಾಡಿಸಿದಾಗ, ಕುದುರೆ ಓಡುತ್ತಿದ್ದುದು ತೆಂಗಿನ ಚಿಪ್ಪುಗಳಲ್ಲಿ. ಸದ್ದುಗಳೆಲ್ಲ ಮುಂಭಾಗದಿಂದಲೇ ಬರುತ್ತಿದ್ದರೂ, ರಂಗದ ಎಡಗಡೆಯ ನಟ ಎಡಗಡೆಯಿಂದಲೇ ಕೇಳಿಸುತ್ತಿದ್ದ. ಟಾಕಿ ಬಂದಾಗ ಆ ಸೌಲಭ್ಯವೂ ಹೋಯಿತು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ರಂಗಭೂಮಿಯಿಂದ ಬಂದ ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ ನಟಿಸಿದರು. ಆ ಕಾಲದ ಟಾಕೀಸುಗಳಲ್ಲಿ ಪರದೆಯ ತುಂಬ ಸೂಜಿಯ ಕಣ್ಣಿನಂಥ ರಂಧ್ರಗಳು. ಹಿಂದೆ, ನಟ್ಟನಡುವೆ, ಧ್ವನಿವರ್ಧಕ. ಪರದೆಯ ಯಾವ ಮೂಲೆಯಲ್ಲಿ ಯಾರು ಬಾಯಿ ತೆರೆದರೂ ಮಾತು ಹೊರಡುತ್ತಿದ್ದುದು ಅದೊಂದೇ ಜಾಗದಿಂದ. ಅಶೋಕ ಟಾಕೀಸಿನಲ್ಲಾಗಲಿ ಅರುಣಾ ಟಾಕೀಸಿನಲ್ಲಾಗಲಿ ಕುಳಿತು ಚಿತ್ರ ನೋಡಿದ ನಮ್ಮ ತಲೆಮಾರಿಗೆ ಅದೊಂದು ಕೊರತೆಯೆಂದು ಅನ್ನಿಸಿರಲೇ ಇಲ್ಲ. ಕಣ್ಣು ಕಿವಿಯನ್ನು ನಂಬಿಸುತ್ತಿತ್ತು.

ಆದರೆ ಒಬ್ಬನಿಗೆ ಅನ್ನಿಸಿತು. ಆತ ಆಲನ್ ಬ್ಲಮ್‌ಲೈನ್ ಎಂಬ ಆಂಗ್ಲ ಎಂಜಿನಿಯರು. ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಒಂದು ಬದಿಯಲ್ಲಿದ್ದರೆ ಧ್ವನಿ ಇನ್ನೊಂದು ಬದಿಯಲ್ಲಿರುವುದು ಅವನನ್ನು ಕಾಡಿತೆಂದೂ, ಅದನ್ನು ಸರಿಪಡಿಸುವ ದಾರಿ ತನಗೆ ಗೊತ್ತೆಂದು ಅಲ್ಲಿಯೇ ಹೇಳಿದನೆಂದೂ ಪ್ರತೀತಿ. 1931ರ ಡಿಸೆಂಬರಿನಲ್ಲಿ ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯೇ ಸ್ಟೀರಿಯೋ ವಿದ್ಯೆಯ ಅಡಿಗಲ್ಲು. ಅತ್ತ ಅಮೆರಿಕದಲ್ಲಿ ಬೆಲ್ ಪ್ರಯೋಗಾಲಯದವರು 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ಮೂರು ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳುಹಿಸಿ ಮೂರು ಧ್ವನಿವರ್ಧಕಗಳಲ್ಲಿ ಕೇಳಿಸಿದರು. ಎಡ, ಬಲ, ನಡು. ಎರಡೇ ಇದ್ದರೆ ಸರಿಯಾಗಿ ಮಧ್ಯದಲ್ಲಿ ಕುಳಿತವನಿಗೆ ಮಾತ್ರ ಹಾಡುಗಾರ ನಡುವೆ ನಿಂತಂತೆ ತೋರುತ್ತದೆ. ಪಕ್ಕಕ್ಕೆ ಕುಳಿತವನಿಗೆ ಎಲ್ಲವೂ ಹತ್ತಿರದ ಡಬ್ಬಿಯಿಂದಲೇ ಬಂದಂತೆ. ದೊಡ್ಡ ಸಭೆಗೆ ನಡುವಿನದು ಬೇಕೇಬೇಕು. ಇಂದಿಗೂ ಸಿನಿಮಾದ ಸಂಭಾಷಣೆಯ ಬಹುಭಾಗ ಬರುವುದು ಆ ನಡುವಿನ ಸ್ಪೀಕರಿನಿಂದಲೇ. ನಮ್ಮವರು ಅಟ್ಟಕ್ಕೆ ಹಾಕುವುದು ಬಹುತೇಕ ಅದನ್ನೇ!

ಸುತ್ತಲಿನ ಸ್ಪೀಕರು ಬಂದದ್ದು ಆಮೇಲೆ. 1940ರ ನವೆಂಬರಿನಲ್ಲಿ ವಾಲ್ಟ್ ಡಿಸ್ನಿ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ನ್ಯೂಯಾರ್ಕಿನ ಚಿತ್ರಮಂದಿರದ ಗೋಡೆಗಳಲ್ಲೂ ಧ್ವನಿವರ್ಧಕಗಳನ್ನು ಇಡಿಸಿದರು. ವೆಚ್ಚ ವಿಪರೀತವಾಗಿ ಅದು ಕೆಲವೇ ಊರುಗಳಿಗೆ ನಿಂತಿತು. ಮುಂದೆ ಟೀವಿಯ ಪೈಪೋಟಿ ತಾಳಲಾರದೆ ಹಾಲಿವುಡ್ 1953ರಲ್ಲಿ ಅಗಲ ಪರದೆಯ 'ದಿ ರೋಬ್' ಚಿತ್ರವನ್ನು ತಂದಾಗ, ಫಿಲ್ಮಿನ ಅಂಚುಗಳಲ್ಲಿ ನಾಲ್ಕು ಕಾಂತೀಯ ಪಟ್ಟಿಗಳಿದ್ದವು. ಮೂರು ಪರದೆಯ ಹಿಂದಿನವಕ್ಕೆ, ನಾಲ್ಕನೆಯದು ಪ್ರೇಕ್ಷಕರ ಸುತ್ತಲಿನವಕ್ಕೆ. ಆ ನಾಲ್ಕನೆಯ ಪಟ್ಟಿ ಬಹಳ ಸಣ್ಣದು, ಅದರಲ್ಲಿ ಸದಾ 'ಹಿಸ್' ಎಂಬ ಸದ್ದು. ಇಡೀ ಹೊತ್ತು ಅದು ತಲೆಯ ಹಿಂದೆ ಬುಸುಗುಟ್ಟಿದರೆ ಯಾರು ಸಹಿಸುತ್ತಾರೆ? ಅದಕ್ಕೊಂದು ಉಪಾಯ ಹೂಡಿದರು. ಅದೇ ಪಟ್ಟಿಯಲ್ಲಿ 12 ಕಿಲೋಹರ್ಟ್ಸಿನ ಒಂದು ಸಂಕೇತವನ್ನು ಅಡಗಿಸಿ, ಅದು ಬಂದಾಗ ಮಾತ್ರ ಸುತ್ತಲಿನ ಸ್ಪೀಕರುಗಳು ಬಾಯಿಬಿಡುವಂತೆ, ಉಳಿದ ಹೊತ್ತು ಮೂಕವಾಗಿರುವಂತೆ ಮಾಡಿದರು. ಸುತ್ತಲಿನ ಸ್ಪೀಕರಿನ ಮೂಲ ಸ್ವಭಾವವನ್ನು ಇದು ಚೆನ್ನಾಗಿ ತಿಳಿಸುತ್ತದೆ. ಚಿತ್ರದ ಹೆಚ್ಚು ಹೊತ್ತು ಅದು ಮೌನಿ. ಮಳೆ, ಗಾಳಿ, ಜಾತ್ರೆಯ ಗದ್ದಲ, ದೂರದ ಮೇಳ ಬಂದಾಗ ಮಾತ್ರ ಅದಕ್ಕೆ ಕೆಲಸ.

ಈ ವೈಭವ ನಮ್ಮವರ ಮನಸ್ಸಿಗೆ ನಾಟಿದ್ದು 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ'ಯಿಂದ. ಬೆಂಗಳೂರಿನ ಸಮೀಪದ ರಾಮನಗರದ ಬಂಡೆಗಳ ನಡುವೆ 35 ಮಿಲಿಮೀಟರಿನಲ್ಲಿ ಚಿತ್ರಿಸಿ, ಬಳಿಕ 70 ಮಿಲಿಮೀಟರಿಗೆ ಹಿಗ್ಗಿಸಿ, ಸ್ಟೀರಿಯೋ ಧ್ವನಿ ಕೂಡಿಸಿದ ಚಿತ್ರವದು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ನಾಣ್ಯ ಚಿಮ್ಮುವ ದೃಶ್ಯ ಬಂದಾಗ, ನಾಣ್ಯ ತಮ್ಮ ಕುರ್ಚಿಯ ಕೆಳಗೇ ಬಿತ್ತೆಂದು ಜನ ಬಗ್ಗಿ ಹುಡುಕಿದರೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಸಾಮಾನ್ಯ ಊರುಗಳಿಗೆ ಬಂದ ಪ್ರತಿಗಳಲ್ಲಿ ಆ ಆರು ಪಟ್ಟಿಗಳ ಧ್ವನಿ ಇರಲಿಲ್ಲ. ಹಾಗಿದ್ದೂ ಗಬ್ಬರನ ನಗೆ ನಮಗೆ ಸಾಕಷ್ಟು ಕೇಳಿಸಿತು.

ಅದನ್ನು ಅಗ್ಗದ ಫಿಲ್ಮಿಗೂ ತಂದವನು ರೇ ಡಾಲ್ಬಿ. ಆತ 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರನಾಗಿ ನಮ್ಮ ದೇಶದಲ್ಲೇ ಇದ್ದನೆಂಬುದು ಅನೇಕರಿಗೆ ತಿಳಿಯದು. ಇಲ್ಲಿಂದ ಹೋದವನು 1965ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗಾಲಯ ತೆರೆದು ಮೊದಲು ಆ 'ಹಿಸ್' ಸದ್ದನ್ನು ಅಡಗಿಸುವ ವಿದ್ಯೆಯನ್ನು ಸಾಧಿಸಿದನು. 1970ರ ದಶಕದ ನಡುವೆ ಅವನ ಸಂಸ್ಥೆ ಫಿಲ್ಮಿನ ಎರಡೇ ಬೆಳಕಿನ ಪಟ್ಟಿಗಳಲ್ಲಿ ನಾಲ್ಕು ಧ್ವನಿಗಳನ್ನು ಹೆಣೆದಿಡುವ ಕ್ರಮವನ್ನು ತಂದಿತು; 1977ರ 'ಸ್ಟಾರ್ ವಾರ್ಸ್' ಅದನ್ನು ಲೋಕಕ್ಕೆಲ್ಲ ಹರಡಿತು. ಹೆಣೆದದ್ದನ್ನು ಬಿಡಿಸುವಾಗ ಒಂದು ತೊಡಕು. ನಡುವಿಗೆ ಸೇರಬೇಕಾದ ಸಂಭಾಷಣೆಯ 'ಸ', 'ಶ'ಗಳ ಚೂರುಗಳು ಸೋರಿ ಹಿಂದಿನ ಸ್ಪೀಕರುಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಅದಕ್ಕಾಗಿ ಹಿಂದಿನ ಧ್ವನಿಯ ತೀಕ್ಷ್ಣ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಚೂರು ತಡಮಾಡಿ ಬಿಟ್ಟರು. ತಡಮಾಡುವುದೇಕೆಂದರೆ, ಒಂದೇ ಸದ್ದು ಎರಡು ಕಡೆಯಿಂದ ಬಂದಾಗ ನಮ್ಮ ಕಿವಿ ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿದ್ವಾಂಸ 1949ರ ತನ್ನ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ್ದ. 1979ರ 'ಅಪೋಕಲಿಪ್ಸ್ ನೌ' ಚಿತ್ರದ ಹೆಲಿಕಾಪ್ಟರುಗಳು ಹಿಂಬದಿಯ ಎಡಬಲಗಳನ್ನೂ ಬೇರೆ ಮಾಡಿದವು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಬಂತು. ಐದು ಪೂರ್ಣ ಧ್ವನಿಗಳು, ಬರಿಯ ಗುಡುಗಿಗೆ ಒಂದು ಅರೆಧ್ವನಿ: ಪೆಟ್ಟಿಗೆಯ ಮೇಲಿನ '5.1' ಎಂಬುದರ ಅರ್ಥ ಇಷ್ಟೇ. 2012ರಲ್ಲಿ ಬಂದ ಅಟ್ಮಾಸ್ ತಾರಸಿಯನ್ನೂ ಬಿಡಲಿಲ್ಲ. ಆ ಕಥೆ ಇಲ್ಲಿ ಬೇಡ. ಹನ್ನೆರಡಡಿಯ ಕೋಣೆಗೆ ತಾರಸಿಯ ಸ್ಪೀಕರು ಊಟಕ್ಕೆ ಮುಂಚೆ ತಾಂಬೂಲವಿದ್ದಂತೆ.

ಈ ಪುರಾಣವೆಲ್ಲ ನನಗೆ ಕೆಲಸಕ್ಕೆ ಬಂದದ್ದು ಪಿ.ಜೆ. ಬಡಾವಣೆಯ ಒಂದು ಹಳೆಯ ಮನೆಯಲ್ಲಿ. ರಾಂ ಅಂಡ್ ಕೋ ವೃತ್ತದಿಂದ ನಡೆದು ಹೋಗುವಷ್ಟು ದೂರ. ಮನೆಯ ಯಜಮಾನರಿಗೆ ಎಂಬತ್ತು ದಾಟಿದೆ. ಮಗ ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ನೌಕರಿ ಬಿಟ್ಟು ತಂದೆಯ ಜೊತೆಗಿರಲು ಊರಿಗೆ ಬಂದವನು. ಒಂದು ಕಾಲದಲ್ಲಿ ಶುಕ್ರವಾರ ಬಿಡುಗಡೆಯಾದ ಚಿತ್ರಕ್ಕೆ ಭಾನುವಾರ ಮನೆಮಂದಿಯನ್ನೆಲ್ಲ ಎರಡು ಜಟಕಾದಲ್ಲಿ ಹೊರಡಿಸುತ್ತಿದ್ದ ಯಜಮಾನರು, ಈಗ ಟೀವಿ ಹಚ್ಚಿದೊಡನೆ ಎದ್ದು ಪಡಸಾಲೆಗೆ ಹೋಗಿ ಒಬ್ಬರೇ ಕುಳಿತುಬಿಡುತ್ತಿದ್ದರು. ಊಟಕ್ಕೆ ಕರೆದರೂ ಮಾತು ಕಡಿಮೆ. ಮಗನಿಗೆ ಅದು ಸಂಕಟ. ಅಪ್ಪನಿಗೆ ಕೇಳಲೆಂದು ಅವನು ಐದು ಸ್ಪೀಕರು, ಒಂದು ರಿಸೀವರು ತರಿಸಿದ. ಅಂಗಡಿಯ ಹುಡುಗ ಬಂದು ಜೋಡಿಸಿ, ಎಲ್ಲ ಸ್ಪೀಕರುಗಳಲ್ಲೂ ಒಂದೇ ಧ್ವನಿ ಭೋರ್ಗರೆಯುವಂತೆ ಮಾಡಿ, ಅದನ್ನೇ ಸಾಧನೆಯೆಂದು ತೋರಿಸಿ ಹೋದ. ಯಜಮಾನರು ಐದು ನಿಮಿಷ ಕುಳಿತು ಎದ್ದರು. ನಾನು ಕಾರಣ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಸದ್ದೇನೋ ಕೇಳ್ತತಿ ಮೇಷ್ಟ್ರೇ, ಮಾತೇ ಗೊತ್ತಾಗಲ್ಲ."

ಇದಕ್ಕಿಂತ ನಿಖರವಾಗಿ ವೈದ್ಯರೂ ಹೇಳಲಾರರು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿ. 'ಸ', 'ಶ', 'ತ', 'ಕ'ಗಳ ಗುರುತು ಮೇಲಿನ ಕಂಪನಗಳಲ್ಲಿ. ಕಾಲು, ಪಾಲು, ಸಾಲು, ಹಾಲು ಎಂಬ ನಾಲ್ಕು ಪದಗಳನ್ನು ಹೇಳಿ. ಮೊದಲ ವ್ಯಂಜನ ಕೇಳಿಸದಿದ್ದರೆ ನಾಲ್ಕೂ ಒಂದೇ. ಟಿಪ್ಪಣಿ ಹೇಳಿ ಬರೆಸುವಾಗ ಕೊನೆಯ ಬೆಂಚಿನವರು ಬರೆಯುತ್ತಿದ್ದ ವಿಚಿತ್ರ ಪದಗಳಿಗೂ ಮುಕ್ಕಾಲು ಪಾಲು ಇದೇ ಕಾರಣ, ಉಳಿದ ಕಾಲು ಪಾಲಿಗೆ ಅವರೇ ಕಾರಣ. ಇಂಥ ಕಿವಿಗೆ ಸದ್ದನ್ನು ಹೆಚ್ಚಿಸಿದರೆ ಗೋಲಗುಮ್ಮಟದಲ್ಲಿ ಇನ್ನಷ್ಟು ಕೂಗಿದಂತೆ. ಬೇಕಾದದ್ದು ಒಂದೇ ದಿಕ್ಕಿನಿಂದ ಬರುವ, ಮಾರ್ದನಿಯ ಕೆಸರಿಲ್ಲದ ಮಾತು.

ಕೋಣೆಯನ್ನು ನೋಡಿದೆ. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರ. ಕೆಂಪು ಗಾರೆಯ ನೆಲ, ನುಣ್ಣಗೆ ಗಿಲಾವು ಮಾಡಿದ ಗೋಡೆ, ಗಾಜಿನ ಕಪಾಟು. ಚಪ್ಪಾಳೆ ತಟ್ಟಿದೆ, ಪುಟ್ಟದೊಂದು ಗೋಲಗುಮ್ಮಟ. ಇಲ್ಲಿ ನೆನಪಾಗುವವನು ವಾಲೇಸ್ ಸೆಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಯಾರ ಪಾಠವೂ ಯಾರಿಗೂ ತಿಳಿಯದಂತಾದಾಗ, ಅದನ್ನು ಸರಿಪಡಿಸುವ ಕೆಲಸ ಈ ತರುಣ ಅಧ್ಯಾಪಕನ ಹೆಗಲಿಗೆ ಬಿತ್ತು. ಅಲ್ಲಿ ಒಂದು ಸದ್ದು ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕ ಹತ್ತಾರು ಪದಗಳನ್ನು ಆಡಿ ಮುಗಿಸಿರುತ್ತಾನೆ. ಸೆಬೈನ್ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿಗಳ ಮೆತ್ತೆಗಳನ್ನು ಹೊರಿಸಿ ತಂದು, ಒಂದೊಂದಾಗಿ ಹರಡಿ, ಆರ್ಗನ್ ಕೊಳವೆಯನ್ನು ಊದಿಸಿ, ಸದ್ದು ಅಡಗುವ ಕಾಲವನ್ನು ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ಸ್ವಸ್ಥಾನಕ್ಕೆ! ಹಾಗೆ ವರ್ಷಗಳ ಕಾಲ ದುಡಿದು ಅವನು ಕಂಡುಕೊಂಡ ಸೂತ್ರ ಸರಳವಾದದ್ದು: ಕೋಣೆಯ ಗಾತ್ರ ಹೆಚ್ಚಿದಷ್ಟೂ ಮಾರ್ದನಿಯ ಕಾಲ ಹೆಚ್ಚು, ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಕಡಿಮೆ. ಹೀರುವಿಕೆಗೆ ಅವನು ಬಳಸಿದ ಅಳತೆಗೋಲು ತೆರೆದ ಕಿಟಕಿ. ತೆರೆದ ಕಿಟಕಿಗೆ ತಲುಪಿದ ಸದ್ದು ಮರಳಿ ಬರುವುದಿಲ್ಲವಷ್ಟೆ. ಹರಿಹರದ ಮಂಟಪವನ್ನು ಸೆಬೈನ್ ಕಂಡಿದ್ದರೆ ಅದರ ಮೂರು ಬದಿಯನ್ನೂ ಕಿಟಕಿಯೆಂದೇ ಲೆಕ್ಕ ಹಿಡಿಯುತ್ತಿದ್ದ.

ನನ್ನ ಶಿಷ್ಯನನ್ನೇ ಲೆಕ್ಕಕ್ಕೆ ಕೂರಿಸಿದೆ. ಕೋಣೆಯ ಗಾತ್ರ 1800 ಘನ ಅಡಿ, ಅಂದರೆ ಸುಮಾರು 51 ಘನ ಮೀಟರು. ಆರೂ ಮೈಗಳ ವಿಸ್ತೀರ್ಣ 900 ಚದರ ಅಡಿ, ಸುಮಾರು 84 ಚದರ ಮೀಟರು. ಗಾರೆ, ಗಿಲಾವು, ಗಾಜುಗಳು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಐದರಷ್ಟನ್ನು ನುಂಗುತ್ತವೆಂದು ಹಿಡಿದರೆ ಮಾರ್ದನಿಯ ಕಾಲ ಎರಡು ಸೆಕೆಂಡಿಗೆ ಹತ್ತಿರ. ಅದನ್ನು ನೂರಕ್ಕೆ ಇಪ್ಪತ್ತಕ್ಕೆ ಏರಿಸಿದರೆ ಅರ್ಧ ಸೆಕೆಂಡು. "ಅಷ್ಟನ್ನು ಏರಿಸೋದು ಹೇಗೆ ಸಾರ್?" ಎಂದ. ಹತ್ತಿಯ ಊರಿನಲ್ಲಿ ಹುಟ್ಟಿದವನು ಕೇಳುವ ಪ್ರಶ್ನೆಯೇ ಅದು? ಅವನ ತಾಯಿಯ ಕಾಲದ ಅರಳೆ ಗಾದಿಗಳು ಅಟ್ಟದ ಮೇಲಿದ್ದವು. ಅವನ್ನು ಬಿಚ್ಚಿ ಹಿಂಜಿಸಿ, ತೆಳುವಾಗಿ ಹೊಲಿಸಿ, ಮೇಲೆ ಖಾದಿ ಬಟ್ಟೆ ಹಾಕಿಸಿ ಹಿಂಗೋಡೆಗೂ ಪಕ್ಕದ ಗೋಡೆಗಳ ಭಾಗಕ್ಕೂ, ಗೋಡೆಯಿಂದ ಎರಡು ಬೆರಳು ಬಿಟ್ಟು ತೂಗುಹಾಕಿದೆವು. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಎರಡು ಪದರದ ಪರದೆ. ಗಾಜಿನ ಕಪಾಟು ಬೇರೆ ಕೋಣೆಗೆ. ಸ್ಪೀಕರು ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿತ್ತು, ಖರ್ಚು ಆದದ್ದು ಹೊಲಿಗೆಯ ಕೂಲಿ.

ಮುಂದಿನದು ಹತ್ತನೆಯ ತರಗತಿಯ ತ್ರಿಕೋನಮಿತಿ. 1990ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐದು ಸ್ಪೀಕರುಗಳಿಗೆ ಒಂದು ವೃತ್ತವನ್ನು ಗೊತ್ತುಪಡಿಸಿತು. ಕುಳಿತವನ ನೇರ ಮುಂದೆ ನಡುವಿನದು, ಅದರಿಂದ ಎಡಬಲಕ್ಕೆ 30 ಡಿಗ್ರಿಯಲ್ಲಿ ಮುಂದಿನ ಎರಡು, 100ರಿಂದ 120 ಡಿಗ್ರಿಯೊಳಗೆ ಸುತ್ತಲಿನ ಎರಡು. ಅಂದರೆ ಸುತ್ತಲಿನವು ಕಿವಿಯ ನೇರಕ್ಕಿಂತ ತುಸು ಹಿಂದೆ. ಬೆನ್ನ ಹಿಂದಿನ ಗೋಡೆಯ ಮೂಲೆಗಳಲ್ಲಲ್ಲ. ನಮ್ಮ ಮನೆಗಳಲ್ಲಿ ಸೋಫಾವನ್ನು ಹಿಂಗೋಡೆಗೆ ಒತ್ತಿ ಇಡುವುದು ರೂಢಿ. ಹಾಗಿಟ್ಟರೆ ಈ ಕೋನ ಸಿಗುವುದೇ ಇಲ್ಲ, ಗೋಡೆಯ ಮಾರ್ದನಿ ಕೂಡ ನೇರ ಕಿವಿಗೇ. ಸೋಫಾವನ್ನು ಟೀವಿಯ ಗೋಡೆಯಿಂದ 10 ಅಡಿಗೆ ತಂದೆವು, ಹಿಂದೆ 5 ಅಡಿ ಬಿಟ್ಟೆವು. 10 ಅಡಿಗೆ 30 ಡಿಗ್ರಿ ಎಂದರೆ ನಡುವಿನಿಂದ ಸುಮಾರು 5.8 ಅಡಿ, ಗೋಡೆ ಇರುವುದೇ 6 ಅಡಿಗೆ. ಮೂಲೆಗೆ ಒತ್ತಿದ ಸ್ಪೀಕರು ಗುಂಯ್‌ಗುಡುತ್ತದೆಂದು ನಾಲ್ಕೂವರೆ ಅಡಿಗೇ ನಿಲ್ಲಿಸಿದೆವು. ಸುತ್ತಲಿನವು ಪಕ್ಕದ ಗೋಡೆಗಳ ಮೇಲೆ: 6 ಅಡಿಗೆ 20 ಡಿಗ್ರಿ ಹಿಂದೆ ಎಂದರೆ ಕಿವಿಯಿಂದ 2.2 ಅಡಿ ಹಿಂದಕ್ಕೆ. ಎತ್ತರ ಐದೂವರೆ ಅಡಿ, ಕುಳಿತವರ ಕಿವಿಗಿಂತ ಎರಡಡಿ ಮೇಲೆ. ಕಿವಿಯ ಮಟ್ಟದಲ್ಲೇ ಇಟ್ಟರೆ ಪಕ್ಕದಲ್ಲಿ ಕುಳಿತವರ ತಲೆಯೇ ಅಡ್ಡವಾಗುತ್ತದೆ, ಹತ್ತಿರದವರ ಕಿವಿಗೆ ಸದ್ದು ನುಗ್ಗುತ್ತದೆ.

ಯಾವ ಬಗೆಯ ಸ್ಪೀಕರು ಎಂಬ ಪ್ರಶ್ನೆಯೂ ಇತ್ತು. 1990ರ ಹೊತ್ತಿಗೆ ಟಿಎಚ್‌ಎಕ್ಸ್ ಸಂಸ್ಥೆಯವರು ಮನೆಗೆಂದೇ ಬೆನ್ನುಬೆನ್ನಾದ ಎರಡು ಬಾಯಿಯ ಸ್ಪೀಕರುಗಳನ್ನು ಶಿಫಾರಸು ಮಾಡಿದ್ದರು. ಒಂದು ಬಾಯಿ ಮುಂದಿನ ಗೋಡೆಗೆ, ಇನ್ನೊಂದು ಹಿಂದಿನ ಗೋಡೆಗೆ ಸದ್ದು ಎಸೆಯುತ್ತದೆ. ಕೇಳುಗನಿಗೆ ನೇರ ಬರುವುದು ಬಹಳ ಕಡಿಮೆ. ಚಿತ್ರಮಂದಿರದ ಗೋಡೆಯ ಸಾಲು ಸ್ಪೀಕರುಗಳ ಹಾಗೆ ಎಲ್ಲಿಂದ ಬಂತೆಂದು ತಿಳಿಯದ ಸುತ್ತುಸದ್ದು ಅದರ ಉದ್ದೇಶ. ಹಿಂದಿನ ಎಡಬಲಗಳು ಒಂದೇ ಆಗಿದ್ದ ಕಾಲಕ್ಕೆ ಅದು ಒಪ್ಪುತ್ತಿತ್ತು. ಈಗ ಅವು ಬೇರೆ ಬೇರೆ. ಸಾಧಾರಣ ಸ್ಪೀಕರೇ ಸಾಕು, ಮುಂದಿನವುಗಳ ಜಾತಿಯದೇ ಆಗಿದ್ದರೆ ಇನ್ನೂ ಲೇಸು. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಸುತ್ತಲಿನ ಸ್ಪೀಕರಿಗೆ ಹಣ ಉಳಿಸಿ ನಡುವಿನದಕ್ಕೆ ಸುರಿಯಿರಿ. ಈ ಮನೆಯಲ್ಲಿ ನಡುವಿನ ಸ್ಪೀಕರನ್ನು ಟೀವಿಯ ಕೆಳಗೆ, ಹಲಗೆಯ ಅಂಚಿಗೆ ತಂದು, ಕುಳಿತವರ ಮುಖದತ್ತ ತುಸು ಮೇಲಕ್ಕೆ ಓರೆ ಮಾಡಿದೆವು. ಹಲಗೆಯ ಒಳಗೆ ತಳ್ಳಿದರೆ ಅದು ಗವಿಯಿಂದ ಮಾತಾಡಿದಂತೆ.

ರಿಸೀವರಿಗೆ ಪ್ರತಿ ಸ್ಪೀಕರಿನ ದೂರವನ್ನು ಹೇಳಬೇಕು. ಸದ್ದು ಒಂದು ಅಡಿ ನಡೆಯಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕೊಂಚ ಕಡಿಮೆ ಸಾಕು. ಸುತ್ತಲಿನದು ಆರೂವರೆ ಅಡಿಗೆ ಸಮೀಪ, ನಡುವಿನದು 10 ಅಡಿ. ಸರಿಪಡಿಸದಿದ್ದರೆ ಹಿಂದಿನ ಸದ್ದು ಮೂರು ಸಾವಿರಾಂಶ ಮೊದಲೇ ಬಂದು, ಹಾಸ್ ಹೇಳಿದಂತೆ, ಕಿವಿಯನ್ನು ಆ ಕಡೆ ಎಳೆಯುತ್ತದೆ. ಅಳತೆಗಳನ್ನು ಕೊಟ್ಟೆವು. ನಡುವಿನದರ ಮಟ್ಟವನ್ನು 3 ಡೆಸಿಬೆಲ್ ಏರಿಸಿ, ಸುತ್ತಲಿನವುಗಳದನ್ನು ಇಳಿಸಿದೆವು. ಅಂಗಡಿಯ ಹುಡುಗ ಹಾಕಿ ಹೋಗಿದ್ದ, ಎಲ್ಲ ಸ್ಪೀಕರಿನಲ್ಲೂ ಮಾತು ಹರಡುವ ಕ್ರಮವನ್ನು ತೆಗೆದು 'ಪ್ರೋ ಲಾಜಿಕ್' ಹಾಕಿದೆವು. ಹಳೆಯ ಕನ್ನಡ ಚಿತ್ರಗಳದ್ದು ಒಂದೇ ಪಟ್ಟಿಯ ಧ್ವನಿ. ಈ ಕ್ರಮದಲ್ಲಿ ಅದೆಲ್ಲವೂ ನಡುವಿನ ಸ್ಪೀಕರಿಗೇ ಬರುತ್ತದೆ, ಅಶೋಕ ಟಾಕೀಸಿನ ಪರದೆಯ ಹಿಂದಿನ ಆ ಒಂದೇ ಧ್ವನಿವರ್ಧಕದಂತೆ.

ಯಜಮಾನರು ಕೇಳಿದ್ದು 1972ರ 'ಬಂಗಾರದ ಮನುಷ್ಯ'. ಅದರಲ್ಲಿ ರಾಚೂಟಪ್ಪನ ಪಾತ್ರ ಬಾಲಕೃಷ್ಣ ಅವರದು. ಆ ಮಹಾನುಭಾವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ನೋಡಿಯೇ ಸಮಯಕ್ಕೆ ಸರಿಯಾಗಿ ಮಾತು ಎಸೆಯುತ್ತಿದ್ದರೆಂಬುದು ಚಿತ್ರರಂಗವೆಲ್ಲ ಬಲ್ಲ ವಿಷಯ. ಅದನ್ನು ನಾನು ಯಜಮಾನರ ಕಿವಿಯ ಬಳಿ ಹೇಳಿದೆ. ಅವರು ಮೇಜಿನ ಸೆಳೆಖಾನೆಯಿಂದ, ವರ್ಷದಿಂದ ಮುಟ್ಟದ ಶ್ರವಣಯಂತ್ರವನ್ನು ತೆಗೆದು ಹಾಕಿಕೊಂಡರು. ಬಾಲಣ್ಣನ ಒಂದು ಮಾತಿಗೆ ಅವರು ನಕ್ಕದ್ದು ನಮ್ಮೆಲ್ಲರಿಗಿಂತ ಮೊದಲು. ಮಗ ಪರದೆ ಸರಿಪಡಿಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿ ನಿಂತ. ಚಿತ್ರ ಮುಗಿಯುವವರೆಗೂ ಅವರು ಎದ್ದು ಪಡಸಾಲೆಗೆ ಹೋಗಲಿಲ್ಲ. ಇದರಿಂದ ಅವರ ಕಿವಿ ಗುಣವಾಯಿತೆಂದು ಯಾರೂ ಭಾವಿಸಬಾರದು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅವರಿಗೆ ಈಗಲೂ ತಿಳಿಯದು. ಮನೆಯಲ್ಲಿ ಇಂಥ ಹಿರಿಯರಿರುವವರು ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ನಮ್ಮ ನಾಡಿನಲ್ಲೇ ಇದೆ. ಸ್ಪೀಕರಿನ ಮಾತು ಆಮೇಲೆ.

ಉಳಿದದ್ದು ಆ ದಪ್ಪನೆಯ ಡಬ್ಬಿ, ಸಬ್‌ವೂಫರು. ಅದರ ಆಳವಾದ ಸದ್ದಿಗೆ ದಿಕ್ಕು ತಿಳಿಯುವುದಿಲ್ಲ, ಹಾಗಾಗಿ ಅದನ್ನು ಎಲ್ಲಿಟ್ಟರೂ ಆದೀತೆಂದು ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ನೆಲ, ಗೋಡೆಗಳ ಮೂಲಕ ಅದು ನೆರೆಮನೆಗೂ ನಡೆದುಹೋಗುತ್ತದೆ. ಅರಳೆ ಗಾದಿ ಅದನ್ನು ತಡೆಯಲಾರದು. ಪಿ.ಜೆ. ಬಡಾವಣೆಯಲ್ಲಿ ಎರಡು ಮನೆಗೊಂದು ನರ್ಸಿಂಗ್ ಹೋಂ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಿಶ್ಶಬ್ದ ವಲಯವೆಂದು ಸಾರಿದ ಆಸ್ಪತ್ರೆಯ ಆಸುಪಾಸಿಗೆ 50 ಮತ್ತು 40. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಈ ಮನೆಯಲ್ಲಿ ಡಬ್ಬಿಯನ್ನು ಪಕ್ಕದ ಮನೆಗೆ ಹೊಂದಿದ ಗೋಡೆಯಿಂದ ಬಿಡಿಸಿ, ರಸ್ತೆಯ ಕಡೆಯ ಗೋಡೆಯ ಬಳಿ, ಕೆಳಗೆ ದಪ್ಪ ರಬ್ಬರು ಹಾಕಿ ಇಟ್ಟೆವು. ರಾತ್ರಿ ಒಂಬತ್ತೂವರೆಯ ಮೇಲೆ ಯಜಮಾನರೇ ಎದ್ದು ಅದರ ಸ್ವಿಚ್ಚು ಆರಿಸುತ್ತಾರೆ. ಗುಡುಗು ಅವರಿಗೆ ಹೇಗೂ ಬೇಡ.